ಕನ್ನಡಕದಂಗಡಿಯವರು ಹಾಕಿದ ಹನಿ

ಕನ್ನಡಕದಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾದ ಮೇಲೆ, ತಾನು ಕಣ್ಣಿನ ಡಾಕ್ಟರಲ್ಲ ಎಂಬುದು ಅವನಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. ಫ್ರೇಮು ಆರಿಸಲು ಬಂದವರ ರೆಪ್ಪೆ ಎಳೆದು ನೋಡಿ, ಇದು ಧೂಳಿನ ಕೆಂಪು, ಇದು ನಿದ್ದೆಗೆಟ್ಟ ಕೆಂಪು ಎಂದು ತೀರ್ಪು ಕೊಡುತ್ತಿದ್ದ. ಹೀಗಾಗಿ ಹೆಂಡತಿಯ ಮುದ್ದಿನ ಮುದಿ ನಾಯಿ ಎಡಗಣ್ಣು ಕಿರಿದು ಮಾಡಿಕೊಂಡು ಮೂತಿಯನ್ನು ಚಾಪೆಗೆ ಉಜ್ಜತೊಡಗಿದಾಗ, ಡಾಕ್ಟರ ಹತ್ತಿರ ಹೋಗೋಣವೇ ಎಂದವಳನ್ನು ನೋಡಿ ನಕ್ಕುಬಿಟ್ಟ.

"ಅಲರ್ಜಿ ಕಣೇ. ನಾನಿರೋವಾಗ ಇನ್ಯಾರು?"

ಹಿಂದೊಮ್ಮೆ ಡಾಕ್ಟರು ಅವನ ಕಣ್ಣಿಗೇ ಬರೆದುಕೊಟ್ಟಿದ್ದ ಹನಿ ಅರ್ಧ ಶೀಶೆ ಉಳಿದಿತ್ತು. ನಾಲ್ಕು ದಿನ ಹೊತ್ತಿಗೆ ಸರಿಯಾಗಿ ಅದನ್ನೇ ಹಾಕಿದ. ಮೊದಲ ದಿನ ಕೆಂಪು ಇಳಿಯಿತು, ಅವನ ಎದೆ ಉಬ್ಬಿತು. ಐದನೆಯ ದಿನ ಕಣ್ಣಿಗೆ ಹಾಲು ಚೆಲ್ಲಿದಂಥ ಮಬ್ಬು.

ಇಬ್ಬರೂ ನಾಯಿಯನ್ನು ಆಸ್ಪತ್ರೆಗೆ ಒಯ್ದಾಗ ಪಶುವೈದ್ಯೆ ಅದರ ಕಣ್ಣಿಗೆ ಬಣ್ಣದ ಪಟ್ಟಿ ತಾಗಿಸಿ ನೀಲಿ ದೀಪ ಹಿಡಿದಳು. ಕರಿಗುಡ್ಡೆಯ ಮೇಲೆ ಮೆಣಸಿನಕಾಳಿನಷ್ಟು ಹಸಿರು ಹೊಳೆಯಿತು.

"ಗೀರು ಬಿದ್ದು ಹುಣ್ಣಾಗಿದೆ. ಕಣ್ಣು ಕಿರಿದು ಮಾಡ್ತಾ ಇದೆ ಅಂದ್ರೆ ನೋವು, ತುರಿಕೆಯಲ್ಲ. ಏನಾದ್ರೂ ಹಾಕಿದ್ರಾ?"

"ಬರೀ ನೀರಲ್ಲಿ ತೊಳ್ದೆ."

ಹೆಂಡತಿ ಅವನತ್ತ ಒಮ್ಮೆ ನೋಡಿ ನಾಯಿಯ ಬೆನ್ನು ಸವರತೊಡಗಿದಳು. ತನ್ನ ಮಾನ ಕಾಯುತ್ತಿದ್ದಾಳೆಂದು ತಿಳಿದು ಅವನಿಗೆ ಇನ್ನಷ್ಟು ಚುಚ್ಚಿತು.

"ಏನೂ ಹಾಕದೇನೇ ಇಷ್ಟು ಕೆಟ್ಟಿದೆ ಅಂದ್ರೆ ಜೋರು ಸೋಂಕೇ ಇರಬೇಕು. ಇವತ್ತೇ ಅರಿವಳಿಕೆ ಕೊಟ್ಟು ಆಪರೇಷನ್ ಮಾಡ್ಬೇಕಾಗುತ್ತೆ. ವಯಸ್ಸಾಗಿದೆ, ತಡ್ಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ಇಲ್ಲಿ ಸಹಿ ಮಾಡಿ."

ಅವನು ಪೆನ್ನು ಮುಟ್ಟಲಿಲ್ಲ. ಜೇಬಿನಿಂದ ಶೀಶೆ ತೆಗೆದು ಮೇಜಿನ ಮೇಲಿಟ್ಟ. ಊರಿಗೆಲ್ಲ ಸಣ್ಣಕ್ಷರ ಓದಿಸಿದವನು ಅದರ ಹೆಸರಿದ್ದ ಬದಿಯನ್ನು ಅವಳ ಕಡೆ ತಿರುಗಿಸಿದ.

ವೈದ್ಯೆಯೇ ಓದಿದಳು. "ಸ್ಟೀರಾಯ್ಡು. ಹುಣ್ಣಿಗೆ ಇದನ್ನ ಹಾಕಿದ್ರೆ ಮಾಯೋದೇ ಇಲ್ಲ. ಯಾರು ಹೇಳಿದ್ದು?"

"ಕನ್ನಡಕದಂಗಡಿಯವನು."

"ಅಂಥೋರ ಮಾತೆಲ್ಲ ಕೇಳ್ತೀರಲ್ಲ ಸಾರ್. ನೋಡಿದ್ರೆ ತಿಳ್ದೋರ ಥರ ಇದ್ದೀರಿ."

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು.

"ನಾನೇ ಅವನು," ಎಂದ.

ವೈದ್ಯೆ ಕಾಗದ ಪಕ್ಕಕ್ಕಿಟ್ಟಳು. ಆಪರೇಷನ್ ಈಗಲೇ ಬೇಡ; ಆ ಹನಿ ನಿಲ್ಲಿಸಿ ಬೇರೆ ಔಷಧಿ, ಉಜ್ಜದಂತೆ ಕುತ್ತಿಗೆಗೆ ಲಾಳಿಕೆಯಂಥ ಪಟ್ಟಿ, ಎರಡು ದಿನಕ್ಕೆ ಮತ್ತೆ ತೋರಿಸಬೇಕು. ಕಣ್ಣು ಉಳಿಯಬಹುದು, ಕಲೆ ಹೋಗಲಿಕ್ಕಿಲ್ಲ.

"ಮೊದಲ್ನೇ ಹನಿ ಇಲ್ಲೇ ಹಾಕಿ, ನೋಡ್ತೀನಿ."

ಅವನು ಹೊಸ ಶೀಶೆ ಹಿಡಿದು ಹತ್ತಿರ ಹೋದ. ನಾಯಿ ಬೆದರಲಿಲ್ಲ, ಹಿಂಜರಿಯಲಿಲ್ಲ. ನಾಲ್ಕು ದಿನದಲ್ಲಿ ಅವನೇ ಕಲಿಸಿದಂತೆ ಗಲ್ಲ ಮೇಲೆತ್ತಿ ಕಾದು ಕೂತಿತು.