ಜಾಗ ಬದಲಿಸಿದ ಹಚ್ಚೆ

ಲಿಫ್ಟ್ ಮೆಕ್ಯಾನಿಕ್ಕು ಶಿಶ್ನದ ಮೇಲೆದ್ದ ಗಂಟನ್ನು ಒಂದು ವರ್ಷ ಯಾರಿಗೂ ತೋರಿಸಲಿಲ್ಲ. ತೋರಿಸುವಂಥ ಜಾಗವೇ ಅದು? ಕೊನೆಗೆ ತೋರಿಸುವ ಹೊತ್ತಿಗೆ ಕ್ಯಾನ್ಸರು ಎಡ ತೊಡೆಸಂದಿಗೂ ಇಳಿದು ಚರ್ಮವನ್ನು ತಿಂದಿತ್ತು. ಎಲ್ಲವನ್ನೂ ತೆಗೆಯಬೇಕು, ತೆಗೆದರೆ ಸಂದಿಯಲ್ಲಿ ಅಂಗೈಯಗಲದ ಗುಂಡಿ ಉಳಿಯುತ್ತದೆ, ಎಳೆದು ಹೊಲಿಯುವಷ್ಟು ಚರ್ಮ ಅಲ್ಲಿರುವುದಿಲ್ಲ ಎಂದರು ಡಾಕ್ಟರು.

"ಎಡತೊಡೆಯ ಹೊರಮಗ್ಗುಲಿಂದ ಒಂದು ಚರ್ಮದ ತುಂಡು ಎಬ್ಬಿಸಿ, ರಕ್ತನಾಳ ಕಡಿಯದೆ ಹಾಗೇ ತಿರುಗಿಸಿ, ಇಲ್ಲಿ ಮುಚ್ತೀವಿ."

"ಕೇಬಲ್ ಬಿಚ್ಚದೆ ಲಿಫ್ಟಿನ ಪೆಟ್ಟಿಗೆ ತಿರುಗಿಸಿದ ಹಾಗೆ," ಎಂದ ಮೆಕ್ಯಾನಿಕ್ಕು. ಮರುಕ್ಷಣ ಅವನ ಕೈ ಎಡತೊಡೆಯ ಮೇಲೆ ಹೋಯಿತು. "ಬಲತೊಡೆ ಆಗಲ್ವಾ ಡಾಕ್ಟ್ರೇ?"

"ಅಲ್ಲಿಂದ ಎಟುಕಲ್ಲ. ಯಾಕೆ?"

ಎಡತೊಡೆಯ ಆ ಜಾಗದಲ್ಲೇ ಹಚ್ಚೆಯಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಬುದ್ಧಿ ಲದ್ದಿ ತಿನ್ನಲು ಹೋಗಿದ್ದಾಗ ಹಾಕಿಸಿಕೊಂಡದ್ದು. ಒಂದು ಹುಡುಗಿಯ ಹೆಸರು, ಹೆಂಡತಿಯದಲ್ಲ. ಮೂವತ್ತೆರಡು ವರ್ಷ ದೀಪ ಆರಿಸಿಯೇ ಸಂಸಾರ ಮಾಡಿ ಆ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದ. ಇನ್ನು ಮನೆಯಲ್ಲಿ ಗಾಯ ಬಿಚ್ಚಿ ಕಟ್ಟುವವಳು ಹೆಂಡತಿಯೇ. ಕ್ಯಾನ್ಸರಿಗಿಂತ ಅದೇ ಅವನಿಗೆ ದೊಡ್ಡ ಭಯವಾಯಿತು.

ಆಪರೇಷನ್ ಆಯಿತು, ತುಂಡು ಬದುಕಿತು. ಅದರ ಜೊತೆ ಹೆಸರೂ ಬದುಕಿತು. ಪಕ್ಕದಲ್ಲಿ ತೆಪ್ಪಗೆ ಬಿದ್ದಿದ್ದದ್ದು ಈಗ ಮುಂಬಾಗಿಲ ಬೋರ್ಡಿನ ಹಾಗೆ ಎದುರಿಗೇ ಬಂದಿತ್ತು.

ಹತ್ತನೇ ದಿನ ನರ್ಸಮ್ಮ ಹೆಂಡತಿಯನ್ನು ಕೂರಿಸಿಕೊಂಡು ಪಾಠ ಹೇಳಿದಳು: ತುಂಡನ್ನು ಒತ್ತಿದರೆ ಬಿಳಿಚಬೇಕು, ಬಿಟ್ಟರೆ ಬಣ್ಣ ಬರಬೇಕು, ಕಪ್ಪಾದರೆ ಓಡಿ ಬರಬೇಕು. ಹೆಂಡತಿ ಬಸ್ ಕಂಡಕ್ಟರು, ಒಂದೇ ಸಲಕ್ಕೆ ಕಲಿತಳು. ಬ್ಯಾಂಡೇಜ್ ಬಿಚ್ಚಿದಳು, ಒತ್ತಿದಳು, ಬಣ್ಣ ನೋಡಿದಳು. ಆಮೇಲೆ ತಲೆ ವಾಲಿಸಿ ಓದಿದಳು. ಮೆಕ್ಯಾನಿಕ್ಕು ಕಣ್ಣು ಕೀಳದೆ ಫ್ಯಾನನ್ನೇ ನೋಡುತ್ತಿದ್ದ. ನರ್ಸಮ್ಮ ಟ್ರೇ ಎತ್ತಿಕೊಂಡು ಹೋದಳು.

"ಅಡ್ಡ ಆಗಿದೆ," ಎಂದಳು ಹೆಂಡತಿ. "ಮೊದಲು ನೆಟ್ಟಗಿತ್ತು."

"ನೀನು... ಯಾವಾಗ ನೋಡ್ದೆ?"

"ಮದುವೆಯಾದ ಎರಡನೇ ವರ್ಷ. ಟೈಫಾಯ್ಡಲ್ಲಿ ಎಚ್ಚರ ಇಲ್ದೆ ಬಿದ್ದಿದ್ರಲ್ಲ, ಮೈ ಒರೆಸಿದ್ದು ಯಾರು ಅಂದ್ಕೊಂಡ್ರಿ?"

ಅವನು ಹೊದಿಕೆ ಎಳೆದುಕೊಳ್ಳಲು ಹೋದ; ಅವಳು ಬಿಡಲಿಲ್ಲ.

"ಇದನ್ನ ಮುಚ್ಚಿಟ್ರಿ, ಹೋಗ್ಲಿ ಬಿಡಿ, ಹುಡುಗಾಟ. ಆ ಗಂಟನ್ನ ಯಾಕ್ರೀ ಮುಚ್ಚಿಟ್ರಿ? ಒಂದು ವರ್ಷ!"

"ನಾಚಿಕೆ ಆಯ್ತು ಕಣೇ."

"ನನ್ನ ಹತ್ರಾನಾ?"

ಅವನಿಗೆ ಅಳು ಒತ್ತರಿಸಿಕೊಂಡು ಬಂತು.

"ಅಳಬೇಡಿ, ಹೊಲಿಗೆ ಬಿಟ್ಟೀತು," ಎಂದಳು. ಅವನು ಹಲ್ಲು ಕಚ್ಚಿ ಅಳು ತಡೆದುಕೊಂಡ. ಹೊಲಿಗೆ ಇಲ್ಲದ ಅವಳು, ಹೊಸ ಬ್ಯಾಂಡೇಜ್ ಇಟ್ಟು ಟೇಪು ಅಂಟಿಸುತ್ತ, ಇಬ್ಬರ ಪಾಲಿನದನ್ನೂ ಅತ್ತಳು.