ಸೈದಾಬಿ ಕಿತ್ತ ಕಳೆ

ಕಳೆ ತೆಗೆಯುವುದರಲ್ಲಿ ನಮ್ಮ ಐರಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ಈ ಸೈದಾಬಿಯ ಮೆಣಸಿನಕಾಯಿ ಹೊಲ ನೋಡಿದವರೆಲ್ಲ ಹೇಳುವ ಮಾತು. ಆದರೆ ಹೋದ ವರ್ಷ ಇದೇ ಕೈ ನನ್ನ ಹೊಲವನ್ನೇ ಹಾಳು ಮಾಡುವುದಿತ್ತು.

ನಮ್ಮ ಹೊಲದ ಮೇಲ್ಗಡೆ ಗರಸು, ಅಂದರೆ ಕಲ್ಲುಮಣ್ಣು, ಅಗೆಯುವ ಗಣಿ ಇತ್ತು. ಮಳೆ ಬಂದರೆ ಗರಸೆಲ್ಲ ಹರಿದು ಬಂದು ಮೆಣಸಿನ ಗಿಡ ಹೂಳುತ್ತಿತ್ತು. ಹೋದ ವರ್ಷಕ್ಕೆ ಮೂರು ವರ್ಷ ಮೊದಲು ಗಣಿ ನಿಲ್ಲಿಸಿ, ಗುಂಡಿ ಮುಚ್ಚಿ, ಮಣ್ಣು ಹಾಸಿ ಸಸಿ ನೆಟ್ಟರು. ಹೋದ ವರ್ಷ ಕೆಲವರು, "ಅಲ್ಲೇನೂ ಬೆಳಿಯೂದಿಲ್ಲ, ಮತ್ತ ಅಗಿಯೂಣು" ಎಂದು ಗ್ರಾಮಸಭೆಯಲ್ಲಿ ಎದ್ದರು. ಹಸಿರು ಹೆಚ್ಚಿದೆಯೋ ಇಲ್ಲವೋ ಎಣಿಸಿ ನೋಡಿ ತೀರ್ಮಾನ ಮಾಡೋಣ ಎಂದು ಸಭೆ ಮುಂದಕ್ಕೆ ಹೋಯಿತು.

ಎಣಿಸುವವಳು ನಮ್ಮ ಸಂಘದ ಶ್ವೇತಾ. ಮುಚ್ಚಿದ ಗಣಿಯಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದ ಐದು ಚೌಕಗಳಿವೆ. ಅವುಗಳಲ್ಲಿ ಪ್ರತಿ ವರ್ಷ ಏನೋ ಎಣಿಸಿ ಬರೆಯುತ್ತಿದ್ದಳು. ಸಸಿ ಎಣಿಸುತ್ತಾಳೆಂದೇ ನಾನು ತಿಳಿದಿದ್ದೆ. ಪಂಚಾಯ್ತಿ ಅಧ್ಯಕ್ಷ ಪರಮೇಶಪ್ಪನವರೂ ಎಣಿಕೆ ನೋಡಲು ಬರುತ್ತಾರೆಂದು ಗೊತ್ತಾಯಿತು. ಬಂದವರ ಮುಂದೆ ಕಳೆಯೇ? ನಸುಕಿನಲ್ಲೇ ಕಳೆ ಕೀಳುವ ಕುರ್ಚಗಿ ಹಿಡಿದು ಹೋಗಿ, ಸಸಿ ಬಿಟ್ಟು ಐದೂ ಚೌಕ ಹಸನು ಮಾಡಿಬಿಟ್ಟೆ.

ಶ್ವೇತಾ ಬಂದವಳು ನಿಂತಲ್ಲೇ ನಿಂತಳು.

"ಚಾಚಿ, ಏನ್ ಮಾಡೀರಿ ಇದು?"

"ಹಸನ ಮಾಡೇನವಾ. ಎಷ್ಟ ಕಳಿ ಬೆಳದಿತ್ತು ಅಂತೀ."

"ಆ ಕಳೀನ ಎಣಸೂದಿತ್ರಿ. ತಾನ ಹುಟ್ಟಿದ ಹುಲ್ಲು ಬೇರು ಬಿಟ್ರ ಮಣ್ಣು ಗಟ್ಟಿ ಹಿಡೀತೈತಿ. ನಿಮ್ಮ ಹೊಲಕ್ಕ ಗರಸು ಇಳಿಯೂದು ನಿಂತದ್ದು ಅದರಿಂದನ."

ಎರಡು ಮಳೆಗಾಲದಿಂದ ಗರಸು ಬಂದಿರಲಿಲ್ಲ, ಖರೇ. ಯಾಕೆಂದು ನಾನು ಕೇಳಿಯೇ ಇರಲಿಲ್ಲ. ಈಗ ಎಣಿಕೆ ತಪ್ಪಿ ಗಣಿ ಮತ್ತೆ ತೆರೆದರೆ ಗರಸು ಮತ್ತೆ ನಮ್ಮ ಹೊಲಕ್ಕೇ. ಪಕ್ಕದಲ್ಲೇ ಇದ್ದ ನಮ್ಮ ಮನೆಯವರು ಶಮಶೇರಸಾಬರು ಬಿಡುತ್ತಾರೆಯೇ? "ನಮ್ಮ ಹೊಲಕ್ಕ ನೀನ ಕಲ್ಲು ಹಾಕಿದಿ ನೋಡು" ಅಂದರು.

"ಬಾಜೂಕ ಎಣಸ ತಂಗಿ" ಅಂದೆ.

"ಹಂಗ ಬರೂದಿಲ್ರಿ. ಅದ ಜಾಗಾದ್ದ ಆಗಬೇಕು. ಇಲ್ಲಾಂದ್ರ ಹಿಂದಿನ ವರ್ಷದ್ದಕ್ಕ ಹೋಲಸಾಕ ಆಗೂದಿಲ್ಲ."

ಆಗ ನನಗೆ ಹೊಳೆಯಿತು. ಕಿತ್ತ ಕಳೆಯನ್ನು ನಾನು ಸಿಕ್ಕಲ್ಲಿ ಎಸೆಯುವವಳಲ್ಲ. ಮಣ್ಣು ಝಾಡಿಸಿ, ಬೇರು ಮೇಲೆ ಮಾಡಿ, ಆಯಾ ಸಾಲಿನ ತುದಿಗೇ ಗುಂಪಿ ಹಾಕುವುದು ನನ್ನ ರೂಢಿ. ಅಲ್ಲೂ ಹಾಗೆಯೇ ಮಾಡಿದ್ದೆ. ಐದು ಚೌಕಕ್ಕೆ ಐದು ಗುಂಪಿ, ಬೇರು ಸಮೇತ.

"ಪುಸ್ತಕ ತಗಿಯವಾ. ನಾ ಹೇಳತೇನಿ, ನೀ ಬರಿ."

ಕುಳಿತು ಒಂದೊಂದೇ ಎತ್ತಿದೆ. ಕರಿಕೆ, ಉತ್ತರಾಣಿ, ತುಂಬೆ, ಹಕ್ಕರಿಕೆ. ಶ್ವೇತಾ ಫೋನಿನಲ್ಲಿ ಚಿತ್ರ ಹುಡುಕುವಷ್ಟರಲ್ಲಿ ನಾನು ಮುಂದಿನದರ ಹೆಸರು ಹೇಳಿರುತ್ತಿದ್ದೆ. ನಲವತ್ತು ವರ್ಷ ಕಿತ್ತ ವೈರಿಗಳು, ಗುರುತು ಸಿಗುವುದಿಲ್ಲವೇ? ಮೊದಲ ವರ್ಷ ಮೂರೇ ಜಾತಿ ಇದ್ದವು, ಎರಡನೆಯ ವರ್ಷ ಒಂಬತ್ತು. ಈ ಸಲ ಹತ್ತೊಂಬತ್ತು. ಸೈದಾಬಿ ಕಿತ್ತ ಮೇಲೆ ಎಣಿಸಿದ್ದು ಎಂಬುದನ್ನೂ ಶ್ವೇತಾ ಮುಚ್ಚಿಡದೆ ಬರೆದಳು. ಅಷ್ಟರಲ್ಲಿ ಬಂದಿದ್ದ ಪರಮೇಶಪ್ಪನವರು ನಗುತ್ತಲೇ ಸಹಿ ಹಾಕಿದರು.

ಸಭೆಯಲ್ಲಿ ಹತ್ತೊಂಬತ್ತೂ ಹೆಸರು ನಾನೇ ನಿಂತು ಹೇಳಿದೆ. ಅಗೆಯೋಣ ಎಂದವರೇ ಬೇಡವೆಂದು ಕೈ ಎತ್ತಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶಮಶೇರಸಾಬರು ಬ್ಯಾಡಗಿ ಮಾರ್ಕೆಟ್ಟಿನವರೆಗೂ, "ನಮ್ಮಾಕಿ ಈಗ ಕಳಿ ಎಣಸಾಕಿ" ಎಂದು ಹೇಳಿಕೊಂಡು ಬಂದರು. ಈ ವರ್ಷ ಚೌಕದ ಹಗ್ಗ ಹಿಡಿಯಲು ಅವರೇ ಮುಂದೆ.

ನಿಮ್ಮೂರಲ್ಲೂ ಮುಚ್ಚಿದ ಗಣಿ ಇದ್ದರೆ, ಸಸಿ ನೆಟ್ಟು ಕೈತೊಳೆದುಕೊಳ್ಳಬೇಡಿರಿ. ಪ್ರತಿ ವರ್ಷ ಅದೇ ಜಾಗದಲ್ಲಿ ಏನೇನು ಹುಟ್ಟಿದೆ ಎಣಿಸಿರಿ, ಇದ್ದದ್ದು ಇದ್ದಂತೆ ಬರೆದಿಡಿರಿ. ಹೆಸರು ಗೊತ್ತಾಗದಿದ್ದರೆ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಕರೆಯಿರಿ. ಬರುವಾಗ ಕುರ್ಚಗಿ ಮಾತ್ರ ಮನೆಯಲ್ಲೇ ಇಟ್ಟು ಬರಲು ಹೇಳಿರಿ.