ಎರಡೂವರೆ ಗೇಣು

ಹೊಲಿಗೆ ಮೆಷಿನ್ನು ಮನೆಗೆ ಬಂದ ದಿನ, ಅದರ ಎತ್ತರಕ್ಕೆ ಹೊಂದುವ ಸ್ಟೂಲು ಮಾಡಿಕೊಡುತ್ತೇನೆಂದು ನನ್ನ ಗಂಡ ಉಡಚಪ್ಪ ಮಾತು ಕೊಟ್ಟರು. ಈ ವಾರವೇ ಎಂದರು. ಆಗ ಮಗಳು ಸಂಘಮಿತ್ರಾ ತೊಟ್ಟಿಲಲ್ಲಿದ್ದಳು; ಈಗ ಐದನೇ ಇಯತ್ತೆ. ಉಡಚಪ್ಪ ಬಡಿಗತನ ಮಾಡುವವರು. ಅಕ್ಕಿಆಲೂರಿನ ಎಷ್ಟೋ ಮನೆಗಳ ಬಾಗಿಲು, ಮಂಚ ಅವರ ಕೈಯವೇ. ಅವರ ಹೆಂಡತಿ ಮಾತ್ರ ಹತ್ತು ವರ್ಷ ಎಣ್ಣೆ ಡಬ್ಬಿ ಬೋರಲು ಹಾಕಿ, ಮೇಲೊಂದು ಹರಕು ಕೌದಿ ಇಟ್ಟುಕೊಂಡು ಹೊಲಿದಳು. ಡಬ್ಬಿ ಗಿಡ್ಡ. ಭುಜ ಕಿವಿಯ ತನಕ ಎತ್ತಿಕೊಂಡೇ ಬಟ್ಟೆ ತಳ್ಳಬೇಕು.

ಈ ಸಲ ಶಾಲೆ ಶುರುವಾದಾಗ ಯೂನಿಫಾರ್ಮಿನ ರಾಶಿಯೇ ಬಂತು. ಒಂದು ಮುಂಜಾನೆ ಎದ್ದರೆ ಗೋಣು ಬಲಕ್ಕೆ ತಿರುಗಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ಓ ಎನ್ನಬೇಕು.

ಕಾರಣ ಹುಡುಕಲು ಎಲ್ಲರಿಗೂ ಪುರುಸೊತ್ತಿತ್ತು. ಅತ್ತೆ ಶಾರವ್ವ ತಲೆದಿಂಬು ಎತ್ತರವಾಯಿತೆಂದು ಅದನ್ನು ಅಟ್ಟಕ್ಕೆಸೆದರು. ದಿಂಬಿಲ್ಲದೆ ಮಲಗಿ ಎಡಕ್ಕೂ ತಿರುಗದಂತಾಯಿತು. ಪಕ್ಕದ ಮನೆಯ ಗುಲ್ನಾಜ, ಹಾನಗಲ್ಲ ಬಸ್ಸಿನ ಕಿಟಕಿಯ ಗಾಳಿ ಬಡಿದಿದೆ ಎಂದಳು. ನಾನು ಮೊಬೈಲು ಬಹಳ ನೋಡುತ್ತೇನೆಂದು ಮಗಳ ದೂರು. ಆ ಮೊಬೈಲು ಸಂಜೆಯಿಂದ ಅವಳ ಕೈಯಲ್ಲೇ ಇರುತ್ತದೆ. ಗಂಡನದು ಎಲ್ಲಕ್ಕಿಂತ ಮೇಲು.

"ನಿನಗ ಸಿಟ್ಟ ಭಾಳ. ಸಿಟ್ಟಿಗೆ ನರ ಬಿಗೀತಾವ."

ಅದನ್ನು ಕೇಳಿದ ಮೇಲೆ ನಿಜವಾಗಿಯೂ ಬಿಗಿದವು.

ಬೆರಳು ಜುಮ್ಮೆನ್ನತೊಡಗಿದಾಗ ಹಾನಗಲ್ಲಿಗೆ ಹೋದೆ. ಡಾಕ್ಟರು ದಿಂಬಿನ ಕಥೆ, ಗಾಳಿಯ ಕಥೆ ಎಲ್ಲ ಕೇಳಿ, ನಾನು ಮಾಡುವ ಕೆಲಸ ಯಾವುದೆಂದರು. ಹೇಗೆ ಕೂಡುತ್ತೇನೆಂದು ತೋರಿಸಲು ಹೇಳಿದರು. ತೋರಿಸಿದೆ. ದಿಂಬಿನಿಂದಲೂ ನೋವು ಬರಬಹುದು, ಮೊಬೈಲಿನಿಂದಲೂ ಬರಬಹುದು, ಆದರೆ ನಿಮ್ಮದು ದಿನವಿಡೀ ಭುಜ ಎತ್ತಿ ತಲೆ ತಗ್ಗಿಸಿ ಕೂಡುವುದರಿಂದ ಬಂದದ್ದು ಎಂದರು. ಐದು ದಿನದ ಗುಳಿಗೆ ಬರೆದರು. ಕೂಡುವುದು ಸರಿಯಾಗದಿದ್ದರೆ ಮೆಷಿನ್ನೇ ಬಿಡಬೇಕಾಗುತ್ತದೆ ಎಂದೂ ಹೇಳಿದರು.

ಈ ಮನೆಯಲ್ಲಿ ನನ್ನದು ಎನ್ನುವುದು ಆ ಮೆಷಿನ್ನು ಒಂದೇ.

ಅವತ್ತೇ ಸವಣೂರಿನಲ್ಲಿ ಕೆಲಸದ ಮೇಲಿದ್ದ ಗಂಡನಿಗೆ ಫೋನು ಮಾಡಿ, ಡಾಕ್ಟರು ಅಂದದ್ದನ್ನು ಅಂದ ಹಾಗೇ ಹೇಳಿದೆ. ಎತ್ತರ ಎಷ್ಟು ಬೇಕೆಂದರು. ಮೆಷಿನ್ನಿನ ಪಕ್ಕ ಕೈಯಿಟ್ಟು ಅಳೆದು ಎರಡೂವರೆ ಗೇಣು ಎಂದೆ. ನನ್ನ ಕೊರಳಲ್ಲಿ ಟೇಪಿತ್ತು, ಅವರ ಜೇಬಿನಲ್ಲೂ ಟೇಪಿತ್ತು. ಆದರೆ ಮನೆಯವರ ನಡುವೆ ಮಾತಾಡುವಾಗ ನಮ್ಮ ಬಾಯಿಗೆ ಇಂಚು ಬರುವುದಿಲ್ಲ.

ನಾಲ್ಕನೇ ದಿನ ಬೈಕಿನ ಹಿಂದೆ ಕಟ್ಟಿಕೊಂಡು ತಂದರು. ಚಂದದ ಸ್ಟೂಲು. ವಾರ್ನಿಷು ಇನ್ನೂ ಅಂಟುತ್ತಿತ್ತು. ಹತ್ತಿ ಕುಳಿತರೆ ಕಾಲು ಪೆಡಲಿಗೆ ಎಟುಕಲೊಲ್ಲದು, ಸೂಜಿ ಕಾಣಬೇಕಾದರೆ ಗದ್ದ ಎದೆಗೆ ತಾಗಬೇಕು. ಅವರು ಕೈ ಚಾಚಿ ಅಳೆದು ತೋರಿಸಿದರು: ಸರಿಯಾಗಿ ಎರಡೂವರೆ, ಒಂದು ಬೆರಳೂ ಹೆಚ್ಚಿಲ್ಲ. ನಾನೂ ಅಳೆದೆ. ನನ್ನ ಕೈಯಲ್ಲಿ ಮೂರು ದಾಟಿತು.

"ಕುಂಡ್ರಾಕಿ ನಾನರಿ," ಎಂದೆ. "ಗೇಣ ನಿಮ್ದ್ಯಾಕ?"

ಈಗ ಕೊಯ್ದರೆ ಅಂದ ಕೆಡುತ್ತದೆ, ಎಂಟು ದಿನ ಕುಳಿತರೆ ರೂಢಿಯಾಗುತ್ತದೆ ಎಂದರು ಅವರು. ಗೋಣು ಇನ್ನಷ್ಟು ಬಗ್ಗಿಸಿದರಾಯಿತು ಎಂದರು ಅತ್ತೆ. ನಾನು ಜಗಳ ಮಾಡಲಿಲ್ಲ. ಹತ್ತು ವರ್ಷ ಮಾಡಿ ಸಾಕಾಗಿತ್ತು. ಹೊಲಿಯಬೇಕಿದ್ದ ಚಡ್ಡಿಯೊಂದನ್ನು ಗಂಡನ ಕೈಗೆ ಕೊಟ್ಟು, ಇದರ ಹೊಲಿಗೆ ನೀವೇ ಹಾಕಿ ಎಂದೆ. ಪೆಡಲು ತುಳಿಯಲು ಅವರಿಗೆ ಬರುತ್ತದೆ. ನಕ್ಕು ಕುಳಿತರು. ಆರಡಿ ಆಳು ಮೆಷಿನ್ನಿನ ಮೇಲೆ ಮುದುಡಿ ಕೂಡಬೇಕಾಯಿತು. ಚಡ್ಡಿಯ ಎರಡನೇ ಕಾಲಿಗೆ ಬರುವಷ್ಟರಲ್ಲಿ ಕೈ ತಾನಾಗಿಯೇ ಹಿಂಗತ್ತಿಗೆ ಹೋಯಿತು.

ಕುಪ್ಪಸ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಗುಲ್ನಾಜ ಬಿಡಲಿಲ್ಲ. "ಉಡಚಪ್ಪಣ್ಣಾರ, ನಿಮಗೂ ಬಸ್ಸಿನ ಗಾಳಿ ಬಡೀತೇನ್ರಿ?"

ಅವರು ಎದ್ದು ಸ್ಟೂಲನ್ನು ತಲೆಕೆಳಗೆ ಮಾಡಿ, ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದರು.

"ಕೈ ಇಡ," ಎಂದರು.

ಹೆಬ್ಬೆರಳಿಂದ ಕಿರುಬೆರಳ ತನಕ ಚಾಚಿ ಇಟ್ಟೆ. ಗೀರು ಎಳೆದರು. ಮತ್ತೊಂದು ಸಲ ಇಡಿಸಿಕೊಂಡರು, ಆಮೇಲೆ ಅರ್ಧ. ನಾಲ್ಕೂ ಕಾಲು ಕೊಯ್ದರು. ಹಸಿ ವಾರ್ನಿಷಿಗೆ ಹೊಟ್ಟು ಮೆತ್ತಿ ಅಂದ ಕೆಟ್ಟಿತು.

ನೋವು ಪೂರ್ತಿ ಹೋಗಿಲ್ಲ. ಕುಳಿತಾಗ ಪಾದ ಊರುತ್ತದೆ, ಭುಜ ಇಳಿದಿರುತ್ತದೆ, ಹೊಲಿಗೆ ನಡೆದಿದೆ. ಹತ್ತು ವರ್ಷದ ಹಿಂದೆ ಕೊಟ್ಟ ಮಾತನ್ನು ಉಡಚಪ್ಪ ನಡೆಸಿದರು.